ಗದ್ದಲದ ಸಭೆ, ಸದ್ದಿಲ್ಲದ ಕಡತ

ಕರ್ನಾಟಕದ ಸಣ್ಣ ನಗರಗಳ ಓದುಬರಹ ಬಲ್ಲ ವರ್ಗದಲ್ಲಿ ಒಂದು ಅಭಿಪ್ರಾಯ ಬಹುಕಾಲದಿಂದ ಗಟ್ಟಿಯಾಗಿ ನೆಲೆಯೂರಿದೆ: ನಗರಸಭೆಯ ಚುನಾಯಿತ ಕೌನ್ಸಿಲ್ ಎಂಬುದು ಜಗಳದ ಕಟ್ಟೆ, ಅಲ್ಲಿಯ ಸುದ್ದಿ ಓದುವುದು ಹೊತ್ತುಗೇಡು, ಸದಸ್ಯರ ಅವಧಿ ಮುಗಿದು ಆಡಳಿತಾಧಿಕಾರಿ ಬಂದು ಕುಳಿತರೆ ಊರಿಗೆ ನಷ್ಟವೇನೂ ಇಲ್ಲ. ನಿವೃತ್ತ ನೌಕರರ ಬೆಳಗಿನ ವಾಯುವಿಹಾರದಲ್ಲಿ, ವರ್ತಕರ ಸಂಘದ ಸಭೆಗಳಲ್ಲಿ, ಕಾಲೇಜು ಅಧ್ಯಾಪಕರ ಹರಟೆಯಲ್ಲಿ ಈ ಮಾತು ವಾದವಾಗಿಯೂ ಅಲ್ಲ, ಎಲ್ಲರೂ ಒಪ್ಪಿ ಮುಗಿಸಿದ ತೀರ್ಮಾನವಾಗಿ ಕೇಳಿಬರುತ್ತದೆ. ಇದರಲ್ಲಿ ಎರಡು ತಕರಾರುಗಳು ಬೆರೆತಿವೆ. ಒಂದು ಸುದ್ದಿಯನ್ನು ಕುರಿತದ್ದು, ಚರಂಡಿ, ಬೀದಿದೀಪ, ಮಳಿಗೆ ಹರಾಜು, ಜಾತ್ರೆಗಳ ವರದಿ ಗಂಭೀರ ಓದಿಗೆ ಯೋಗ್ಯವಲ್ಲ ಎಂಬುದು. ಇನ್ನೊಂದು ಸಂಸ್ಥೆಯನ್ನು ಕುರಿತದ್ದು, ಜನಪ್ರತಿನಿಧಿಗಿಂತ ಅಧಿಕಾರಿಯೇ ಊರನ್ನು ಚೆನ್ನಾಗಿ ನಡೆಸುತ್ತಾನೆ ಎಂಬುದು. ಬಿಡಿಯಾಗಿ ಕೇಳಿದಾಗ ಎರಡೂ ನಿರುಪದ್ರವಿಗಳಂತೆ ಕಂಡರೂ ಒಂದು ಇನ್ನೊಂದರ ಊರುಗೋಲಾಗಿ ನಿಂತಿದೆ: ಸುದ್ದಿ ಕ್ಷುಲ್ಲಕವೆಂದು ಒಪ್ಪಿದವರಿಗೆ ಸುದ್ದಿ ನಿಂತುಹೋದದ್ದು ಗೊತ್ತಾಗುವುದಿಲ್ಲ, ಸುದ್ದಿ ನಿಂತುಹೋದ ಊರಿನಲ್ಲಿ ಆಡಳಿತ ಸುಗಮವಾಗಿ ಸಾಗಿದಂತೆಯೇ ತೋರುತ್ತದೆ.

ಇಲ್ಲಿ ಬಳಕೆಯಾಗುವ ಪದಗಳ ಅರ್ಥವನ್ನು ಮೊದಲು ಸ್ಪಷ್ಟಪಡಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ದಿನನಿತ್ಯ ಅವನ್ನು ಬಳಸುವವರೂ ಒಂದರ ಬದಲಿಗೆ ಇನ್ನೊಂದನ್ನು ಹೇಳುವುದುಂಟು. 1964ರ ಕರ್ನಾಟಕ ಪೌರಸಭೆಗಳ ಕಾಯ್ದೆಯ ಚೌಕಟ್ಟಿನಲ್ಲಿ, ಸ್ಥೂಲವಾಗಿ ಹೇಳುವುದಾದರೆ, 20 ಸಾವಿರದಿಂದ 50 ಸಾವಿರದವರೆಗಿನ ಜನಸಂಖ್ಯೆಯ ಊರಿಗೆ ಪುರಸಭೆ, 50 ಸಾವಿರದಿಂದ 3 ಲಕ್ಷದವರೆಗಿನ ಊರಿಗೆ ನಗರಸಭೆ. ಅದಕ್ಕೂ ದೊಡ್ಡ ನಗರಗಳಿಗೆ 1976ರ ಬೇರೊಂದು ಕಾಯ್ದೆಯಡಿ ಮಹಾನಗರಪಾಲಿಕೆ. ವಾರ್ಡಿಗೊಬ್ಬರಂತೆ ಆರಿಸಿಬಂದ ಸದಸ್ಯರ ಕೂಟವೇ ಕೌನ್ಸಿಲ್. ಅದರ ನಿರ್ಣಯಗಳನ್ನು ಜಾರಿಗೆ ತರುವ ಸರ್ಕಾರಿ ಅಧಿಕಾರಿ ಪುರಸಭೆಯಲ್ಲಿ ಮುಖ್ಯಾಧಿಕಾರಿ, ನಗರಸಭೆಯಲ್ಲಿ ಪೌರಾಯುಕ್ತ. ಆಡಳಿತಾಧಿಕಾರಿ ಎಂಬಾತ ಇವರಿಬ್ಬರಲ್ಲಿ ಯಾರೂ ಅಲ್ಲ. ಕೌನ್ಸಿಲ್ ಇಲ್ಲದಿರುವಾಗ, ಅಥವಾ ಅದಕ್ಕೆ ಅಧ್ಯಕ್ಷರಿಲ್ಲದಿರುವಾಗ, ಆ ಸ್ಥಾನವನ್ನು ತುಂಬಲು ಸರ್ಕಾರ ನೇಮಿಸುವ ಅಧಿಕಾರಿ ಆತ. ಸಾಮಾನ್ಯವಾಗಿ ಜಿಲ್ಲಾಧಿಕಾರಿಯೋ ಉಪವಿಭಾಗಾಧಿಕಾರಿಯೋ ತನ್ನ ಮೂಲ ಹುದ್ದೆಯ ಜೊತೆಗೆ ಈ ಹೊಣೆಯನ್ನೂ ಹೊರುತ್ತಾನೆ, ಒಂದಲ್ಲ, ಅಕ್ಕಪಕ್ಕದ ಹಲವು ಊರುಗಳದ್ದು. ಹೀಗಾಗಿ ದಕ್ಷ ಅಧಿಕಾರಿಯ ಕೈಗೆ ಊರು ಬಂತೆಂದು ಸಂತೋಷಪಡುವವರು ಬರ, ಭೂಸ್ವಾಧೀನ, ಗಣ್ಯರ ಭೇಟಿ, ಕಂದಾಯ ನ್ಯಾಯಾಲಯಗಳ ನಡುವೆ ಆತನಿಗೆ ಊರಿನ ಹನ್ನೆರಡನೇ ವಾರ್ಡಿನ ಒಳಚರಂಡಿ ನೆನಪಾಗಲು ಉಳಿಯುವ ಸಮಯವೆಷ್ಟು ಎಂಬ ಸರಳ ಲೆಕ್ಕವನ್ನೇ ಹಾಕಿರುವುದಿಲ್ಲ.

ಆಡಳಿತಾಧಿಕಾರಿಯ ಆಳ್ವಿಕೆ ಅಪರೂಪದ, ತಾತ್ಕಾಲಿಕ ಏರ್ಪಾಡು ಎಂಬ ಭ್ರಮೆಯೂ ಈ ಅಭಿಪ್ರಾಯಕ್ಕೆ ಬಲ ಕೊಟ್ಟಿದೆ. ಇತ್ತೀಚಿನ ಚರಿತ್ರೆ ಬೇರೆಯದನ್ನೇ ಹೇಳುತ್ತದೆ. 2018ರ ಆಗಸ್ಟ್ 31ರಂದು ರಾಜ್ಯದ ನೂರಕ್ಕೂ ಹೆಚ್ಚು ನಗರ ಸ್ಥಳೀಯ ಸಂಸ್ಥೆಗಳಿಗೆ ಮತದಾನ ನಡೆದು, ಸೆಪ್ಟೆಂಬರ್ ಮೊದಲ ವಾರದಲ್ಲಿ ಫಲಿತಾಂಶವೂ ಬಂತು. ಆದರೆ ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನಗಳ ಮೀಸಲಾತಿ ಪಟ್ಟಿ ನ್ಯಾಯಾಲಯದ ಮೆಟ್ಟಿಲೇರಿದ್ದರಿಂದ ಗೆದ್ದವರು ಎರಡು ವರ್ಷಕ್ಕೂ ಮೀರಿ ಸದಸ್ಯತ್ವದ ಪ್ರಮಾಣಪತ್ರವನ್ನು ಮನೆಯಲ್ಲಿಟ್ಟುಕೊಂಡು ಕುಳಿತರು. ಬಹುಪಾಲು ಊರುಗಳಲ್ಲಿ ಅಧ್ಯಕ್ಷರ ಆಯ್ಕೆ ನಡೆದದ್ದು 2020ರ ಕೊನೆಯ ತಿಂಗಳುಗಳಲ್ಲಿ. ಕೋವಿಡ್‌ನ ಮೊದಲ ಅಲೆಯನ್ನು, ಅಂದರೆ ಮನೆ ಬಾಗಿಲಿನ ನೈರ್ಮಲ್ಯವೇ ಜೀವ ಮರಣದ ಪ್ರಶ್ನೆಯಾದ ಹೊತ್ತನ್ನು, ಈ ಊರುಗಳು ಅಧಿಕಾರವಿಲ್ಲದ ಸದಸ್ಯರೊಂದಿಗೆ ದಾಟಿದವು. ಅಧ್ಯಕ್ಷರ ಅವಧಿ 30 ತಿಂಗಳಿನದಾದ್ದರಿಂದ 2023ರ ನಡುಭಾಗದಲ್ಲಿ ಎರಡನೆಯ ಸರದಿ ಬರಬೇಕಿತ್ತು. ಅದಕ್ಕೆ ಬೇಕಾದ ಮೀಸಲಾತಿ ಪಟ್ಟಿ ಹೊರಬಿದ್ದದ್ದು 2024ರ ಆಗಸ್ಟ್‌ನಲ್ಲಿ. ಆ ಒಂದು ವರ್ಷಕ್ಕೂ ಹೆಚ್ಚಿನ ಕಾಲ ಸದಸ್ಯರಿದ್ದರು, ಕುರ್ಚಿಯಲ್ಲಿ ಅಧಿಕಾರಿ ಇದ್ದರು. ಮೈಸೂರು, ಶಿವಮೊಗ್ಗದಂಥ ಪಾಲಿಕೆಗಳಲ್ಲಿ 2023ರ ಕೊನೆಗೆ ಕೌನ್ಸಿಲ್ ಅವಧಿ ಮುಗಿದ ಮೇಲೆ ಸಕಾಲದಲ್ಲಿ ಚುನಾವಣೆ ನಡೆಯಲಿಲ್ಲ. ಬೆಂಗಳೂರಿನ ಕಥೆಯಂತೂ, ಅಲ್ಲಿಯ ಕೊನೆಯ ಚುನಾಯಿತ ಕೌನ್ಸಿಲ್ 2020ರ ಸೆಪ್ಟೆಂಬರ್‌ನಲ್ಲೇ ನಿರ್ಗಮಿಸಿದ್ದರಿಂದ, ಎಲ್ಲರಿಗೂ ಗೊತ್ತಿರುವಂಥದ್ದು. 2018ರಲ್ಲಿ ಮತ ಹಾಕಿದ ಸಣ್ಣ ನಗರವೊಂದರ ಮತದಾರ ನಂತರದ ಆರು ವರ್ಷಗಳನ್ನು ಎಣಿಸಿದರೆ ಅದರಲ್ಲಿ ಮೂರಕ್ಕೂ ಹೆಚ್ಚು ವರ್ಷ ಅಧಿಕಾರಿಯ ಲೆಕ್ಕಕ್ಕೇ ಹೋಗಿದೆ. ಇದನ್ನು ತಾತ್ಕಾಲಿಕವೆನ್ನುವುದಾದರೆ ಮಲೆನಾಡಿನ ಮಳೆಯನ್ನೂ ತಾತ್ಕಾಲಿಕವೆನ್ನಬೇಕಾಗುತ್ತದೆ.

ಅಧಿಕಾರಿಯೇ ಮೇಲು ಎಂಬ ವಾದ ಹೊಸ ಕಾಲದ ಅನುಭವದಿಂದ ಹುಟ್ಟಿದ್ದೆಂದು ಅದನ್ನು ಆಡುವವರು ನಂಬಿರುತ್ತಾರೆ. ಅದಕ್ಕೆ ಕಡಿಮೆಯೆಂದರೂ 140 ವರ್ಷ ವಯಸ್ಸಾಗಿದೆ. 1882ರ ಮೇ ತಿಂಗಳಲ್ಲಿ ವೈಸ್‌ರಾಯ್ ಲಾರ್ಡ್ ರಿಪ್ಪನ್ ಸ್ಥಳೀಯ ಸಂಸ್ಥೆಗಳಲ್ಲಿ ಸರ್ಕಾರೇತರ ಸದಸ್ಯರೇ ಹೆಚ್ಚಿರಬೇಕು, ಸಾಧ್ಯವಾದಲ್ಲೆಲ್ಲ ಅವರು ಚುನಾಯಿತರಾಗಿರಬೇಕು, ಅಧ್ಯಕ್ಷ ಪೀಠದಿಂದ ಜಿಲ್ಲಾ ಅಧಿಕಾರಿ ಇಳಿಯಬೇಕು ಎಂಬ ನಿಲುವಿನ ನಿರ್ಣಯವನ್ನು ಹೊರಡಿಸಿದಾಗ ಅದಕ್ಕೆ ಎದುರಾದ ದೊಡ್ಡ ತಕರಾರು ಆಡಳಿತಶಾಹಿಯ ಒಳಗಿನಿಂದಲೇ ಬಂತು: ಹೀಗೆ ಮಾಡಿದರೆ ದಕ್ಷತೆ ಕುಸಿಯುತ್ತದೆ. ರಿಪ್ಪನ್‌ನ ನಿರ್ಣಯ ಆ ಭಯವನ್ನು ಅಲ್ಲಗಳೆಯಲಿಲ್ಲ. ಮೊದಮೊದಲು ಆಡಳಿತ ತುಸು ಕೆಟ್ಟರೂ ಸರಿಯೆ, ಜನ ತಮ್ಮ ಊರಿನ ವ್ಯವಹಾರವನ್ನು ತಾವೇ ನಡೆಸಿ ಕಲಿಯುವುದು ಮುಖ್ಯವೆಂಬ ಅರ್ಥದಲ್ಲಿ ಅದು ವಾದಿಸಿತು. ಇಂದು ಸ್ವತಂತ್ರ ರಾಷ್ಟ್ರದ ಪ್ರಜೆಗಳು ಕಲೆಕ್ಟರರ ಅಂದಿನ ವಾದವನ್ನು ತಮ್ಮದೆಂದು ಎತ್ತಿಕೊಂಡು, ವೈಸ್‌ರಾಯ್‌ಗಿಂತಲೂ ಹಿಂದಕ್ಕೆ ಹೋಗಿ ನಿಂತಿದ್ದಾರೆ. 1993ರ ಜೂನ್ 1ರಂದು ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿಯ ಉದ್ದೇಶ ಮತ್ತು ಕಾರಣಗಳ ಹೇಳಿಕೆಯನ್ನು ಓದಿದವರಿಗೆ ಅದು ಯಾವ ರೋಗಕ್ಕೆ ಮದ್ದಾಗಿ ಬಂತೆಂಬುದು ತಿಳಿದೀತು: ನಗರ ಸಂಸ್ಥೆಗಳು ಬಲಹೀನವಾಗಲು ನಿಯತವಾಗಿ ಚುನಾವಣೆ ನಡೆಸದಿರುವುದು, ದೀರ್ಘಕಾಲ ಅವನ್ನು ಸೂಪರ್‌ಸೀಡ್ ಮಾಡಿಡುವುದು, ಅಧಿಕಾರ ಮತ್ತು ಕಾರ್ಯಗಳನ್ನು ಸಾಕಷ್ಟು ವಹಿಸಿಕೊಡದಿರುವುದು ಕಾರಣವೆಂದು ಅದು ಹೇಳುತ್ತದೆ. ಸೂಪರ್‌ಸೀಡ್ ಎಂದರೆ ಚುನಾಯಿತ ಮಂಡಳಿಯನ್ನು ಬದಿಗೆ ಸರಿಸಿ ಅಧಿಕಾರಿಯನ್ನು ಕೂರಿಸುವುದು. ಸಂವಿಧಾನ ಯಾವುದನ್ನು ರೋಗವೆಂದು ಬರೆದಿದೆಯೋ ಅದನ್ನೇ ಊರಿನ ತಿಳಿವಳಿಕಸ್ಥರು ಪಥ್ಯವೆಂದು ಹೊಗಳುತ್ತಿರುವುದು.

ಇನ್ನು ಆ ಗದ್ದಲದ ಸಂಗತಿ. ಕೌನ್ಸಿಲ್ ಸಭೆಯಲ್ಲಿ ಕೂಗಾಟ ನಡೆಯುತ್ತದೆ ಎಂಬುದು ನಿಜ. ಯಾವುದರ ಬಗ್ಗೆ ನಡೆಯುತ್ತದೆ ಎಂದು ಕೇಳಿದವರು ಕಡಿಮೆ. ಸಾಮಾನ್ಯ ಸಭೆಗೆ ಮುನ್ನ ಸದಸ್ಯರ ಕೈಗೆ ಬರುವ ಅಜೆಂಡಾ ಎಂಬ ವಿಷಯಸೂಚಿಯನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಹಿಂದಿನ ಸಭೆಯ ನಡಾವಳಿಯನ್ನು ಓದಿ ದೃಢೀಕರಿಸುವುದು ಮೊದಲನೆಯದು. ಅದರ ಬೆನ್ನಿಗೆ ಬರುವುದು ಜಮಾ-ಖರ್ಚು, ಅಂದರೆ ಕಳೆದ ತಿಂಗಳುಗಳಲ್ಲಿ ಬಂದ ಹಣ, ಹೋದ ಹಣದ ತಖ್ತೆ. ಕೊಳವೆಬಾವಿಯ ಮೋಟಾರ್ ರಿವೈಂಡಿಂಗ್‌ಗೆ ಇಷ್ಟು, ಬೀದಿದೀಪದ ಸಾಮಗ್ರಿಗೆ ಇಷ್ಟು, ಬ್ಲೀಚಿಂಗ್ ಪೌಡರ್‌ಗೆ ಇಷ್ಟು, ಬಾಡಿಗೆ ಟ್ಯಾಂಕರ್ ನೀರಿಗೆ ಇಷ್ಟು ಎಂದು ಸಾಲುಸಾಲಾಗಿ ಸಣ್ಣ ಅಕ್ಷರದಲ್ಲಿ ಅಚ್ಚಾದ ಆ ಹಾಳೆ ನೋಡಲು ನೀರಸ, ಆದರೆ ಊರಿನ ಆಡಳಿತದ ಜಾತಕ ಅದರಲ್ಲಿದೆ. ಯಾವುದೋ ವಾರ್ಡಿನ ಸದಸ್ಯ ಎದ್ದು ನಿಂತು, ತನ್ನ ಬಡಾವಣೆಯ ಕೊಳವೆಬಾವಿಯ ಮೋಟಾರ್ ಒಂದೇ ವರ್ಷದಲ್ಲಿ ನಾಲ್ಕು ಸಲ ಸುಟ್ಟದ್ದು ಹೇಗೆ, ನೀರು ಬಿಡುವವನಿಗೂ ತಿಳಿಯದಂತೆ ಅದು ರಿಪೇರಿಯಾಗಿ ಬಂದದ್ದು ಯಾವಾಗ ಎಂದು ಕೇಳುವುದೂ, ಇಂಜಿನಿಯರ್ ಉತ್ತರ ತಡಕಾಡುವುದೂ, ಬಿಲ್ಲಿನ ಕಡೆಯವನೆಂದು ಗುಮಾನಿಗೆ ಒಳಗಾದ ಇನ್ನೊಬ್ಬ ಸದಸ್ಯ ನಡುವೆ ಬಾಯಿ ಹಾಕುವುದೂ, ಅಲ್ಲಿಂದ ಮಾತಿಗೆ ಮಾತು ಬೆಳೆಯುವುದೂ ಸಣ್ಣ ನಗರಗಳ ಕೌನ್ಸಿಲ್‌ಗಳಲ್ಲಿ ಪದೇಪದೇ ಕಾಣುವ ದೃಶ್ಯ. ಮರುದಿನ ಪತ್ರಿಕೆಯಲ್ಲಿ ಅದು ‘ಸಭೆಯಲ್ಲಿ ಗದ್ದಲ, ಕೋಲಾಹಲ’ ಎಂದು ಬರುತ್ತದೆ. ಓದುಗ ತಲೆ ಕೊಡವಿ ಪುಟ ಮಗುಚುತ್ತಾನೆ. ಆದರೆ ಆ ನಾಲ್ಕು ರಿವೈಂಡಿಂಗ್ ಬಿಲ್ಲುಗಳು ಊರಿನ ಕಿವಿಗೆ ಬಿದ್ದದ್ದು ಅದೊಂದೇ ಬಾರಿ, ಆ ಗದ್ದಲದ ಮೂಲಕ.

ಸಭೆಯ ಸೂಚಿಯಲ್ಲಿ ಇನ್ನೊಂದು ಬಗೆಯ ವಿಷಯವೂ ಇರುತ್ತದೆ, ಅದಕ್ಕೆ ಘಟನೋತ್ತರ ಮಂಜೂರಾತಿ ಎಂದು ಹೆಸರು: ಕೆಲಸ ಮೊದಲೇ ಆಗಿಹೋಗಿದೆ, ಹಣವನ್ನೂ ಕೊಟ್ಟಾಗಿದೆ, ಈಗ ಸಭೆ ಒಪ್ಪಿಗೆ ಕೊಡಬೇಕು ಎಂಬುದು ಇದರ ತಾತ್ಪರ್ಯ. ತುರ್ತಿನ ಸಂದರ್ಭದಲ್ಲಿ ಇದು ಬೇಕೇ ಬೇಕು. ಒಡೆದ ಪೈಪು ಸಭೆಯ ದಿನಾಂಕ ಕಾಯುವುದಿಲ್ಲ. ಆದರೆ ತುರ್ತು ಯಾವುದು, ತುರ್ತಿನ ವೇಷ ಯಾವುದು ಎಂದು ಸೋಸುವ ಜಾಲರಿ ಸಭೆಯ ಪ್ರಶ್ನೆಯೇ ಹೊರತು ಬೇರೆಯಲ್ಲ. ಮಳಿಗೆ ಹರಾಜಿನದೂ ಇದೇ ಪಾಡು. ಬಸ್ ನಿಲ್ದಾಣದ ಬಳಿ, ಸಂತೆ ಮೈದಾನದ ಅಂಚಿನಲ್ಲಿ ಪುರಸಭೆ ಕಟ್ಟಿಸಿದ ಅಂಗಡಿ ಮಳಿಗೆಗಳು ಸಣ್ಣ ನಗರದ ಸ್ವಂತ ವರಮಾನದ ಮುಖ್ಯ ಮೂಲಗಳಲ್ಲೊಂದು. ಹಳೆಯ ಬಾಡಿಗೆದಾರ ಹಳೆಯ ಬಾಡಿಗೆಯಲ್ಲೇ ಮುಂದುವರಿಯುವುದು, ಆತನಿಂದ ಒಳಬಾಡಿಗೆ ಪಡೆದವನು ಅದರ ಹಲವು ಪಟ್ಟು ಕೊಡುವುದು, ನಡುವಿನ ಮೊತ್ತ ಯಾರ ಜೇಬಿಗೆ ಹೋಯಿತೆಂಬುದು ಯಾವ ಲೆಕ್ಕಪುಸ್ತಕದಲ್ಲೂ ಇಲ್ಲದಿರುವುದು, ಇವೆಲ್ಲ ಊರಿಗೆ ಗೊತ್ತಿದ್ದೂ ಕಡತಕ್ಕೆ ಗೊತ್ತಿಲ್ಲದ ಸಂಗತಿಗಳು. ಅವು ಕಡತಕ್ಕೆ ಇಳಿಯುವುದು ಸದಸ್ಯನೊಬ್ಬ ಸಭೆಯಲ್ಲಿ ಹೇಳಿ, ಅದು ನಡಾವಳಿ ಪುಸ್ತಕದಲ್ಲಿ ದಾಖಲಾದಾಗ. ಆತ ಹೇಳಿದ್ದು ಸಾರ್ವಜನಿಕ ಹಿತಕ್ಕಾಗಿ ಇರಬಹುದು, ತನ್ನ ಭಾವಮೈದುನನಿಗೆ ಮಳಿಗೆ ಸಿಗಲಿಲ್ಲವೆಂಬ ಸಿಟ್ಟಿಗೂ ಇರಬಹುದು. ಊರಿಗೆ ಬೇಕಾದದ್ದು ಆತನ ಮನಶ್ಶುದ್ಧಿಯಲ್ಲ, ಆತ ಬಾಯಿಬಿಟ್ಟದ್ದು.

ಆಡಳಿತಾಧಿಕಾರಿಯ ಕಾಲದಲ್ಲಿ ಇದೇ ಜಮಾ-ಖರ್ಚು, ಇದೇ ಟೆಂಡರು, ಇದೇ ಘಟನೋತ್ತರ ಮಂಜೂರಾತಿ ನಿಂತುಹೋಗುವುದಿಲ್ಲ. ಪೌರಾಯುಕ್ತರ ಕಚೇರಿಯಿಂದ ಹೊರಟ ಕಡತ ಉಪವಿಭಾಗಾಧಿಕಾರಿಯ ಮೇಜಿಗೆ ಹೋಗಿ ಸಹಿಯಾಗಿ ಮರಳುತ್ತದೆ. ಅಲ್ಲಿ ಪ್ರಶ್ನೆಗಳೇ ಏಳುವುದಿಲ್ಲವೆಂದಲ್ಲ. ಪ್ರಾಮಾಣಿಕ ಅಧಿಕಾರಿಗಳು ಟಿಪ್ಪಣಿ ಬರೆದು ವಾಪಸ್ ಕಳಿಸುವುದುಂಟು. ಆದರೆ ಪ್ರಶ್ನೆಯೂ ಉತ್ತರವೂ ಒಂದೇ ರಟ್ಟಿನ ನಡುವೆ ಇರುತ್ತವೆ. ಸ್ಥಳೀಯ ವರದಿಗಾರನ ಪಾಲಿಗೆ ಊರಿನ ಆಡಳಿತ ಆಗ ‘ಪ್ರಕಟಣೆ’ಗಳಾಗಿ ಕುಗ್ಗುತ್ತದೆ: ನಾಳೆ ಈ ಬಡಾವಣೆಗಳಿಗೆ ನೀರಿಲ್ಲ, ಏಪ್ರಿಲ್‌ನಲ್ಲಿ ಆಸ್ತಿ ತೆರಿಗೆ ಕಟ್ಟಿದರೆ ಶೇ 5 ರಿಯಾಯಿತಿ, ಹಸಿ ಕಸ ಒಣ ಕಸ ಬೇರ್ಪಡಿಸಿ ಕೊಡಿ. ನಾಗರಿಕನಿಗೆ ಏನು ಮಾಡಬೇಕೆಂದು ಹೇಳುವ ಸುದ್ದಿ ದಿನವೂ ಬರುತ್ತದೆ, ನಾಗರಿಕನ ಹಣದಲ್ಲಿ ಏನು ಮಾಡಲಾಯಿತೆಂಬ ಸುದ್ದಿ ಬರುವುದು ನಿಲ್ಲುತ್ತದೆ. ಈ ನಿಶ್ಶಬ್ದವನ್ನೇ ಜನ ಸುವ್ಯವಸ್ಥೆಯೆಂದು ಓದುತ್ತಾರೆ. 2021-22ರ ಸಾಲಿನಿಂದ ಆಸ್ತಿ ತೆರಿಗೆಯನ್ನು ಚಾಲ್ತಿ ಮಾರ್ಗಸೂಚಿ ದರಕ್ಕೆ, ಅಂದರೆ ನೋಂದಣಿಗಾಗಿ ಸರ್ಕಾರ ನಿಗದಿಪಡಿಸಿದ ಸ್ಥಿರಾಸ್ತಿ ಬೆಲೆಗೆ, ತಳುಕು ಹಾಕಿದ ಮೇಲಂತೂ ಈ ಮೌನ ದುಬಾರಿಯಾಗಿದೆ. ಮಾರ್ಗಸೂಚಿ ದರ ಏರಿದಾಗ ತೆರಿಗೆಯೂ ಏರುತ್ತದೆ. ಕಾಯ್ದೆಯ ಮಿತಿಯೊಳಗೆ ಶೇಕಡಾವಾರು ಎಷ್ಟಿರಬೇಕೆಂದು ವಾದಿಸುವ ಸಭೆ ಇಲ್ಲದಿದ್ದರೆ ಹೊಸ ದರ ಮನೆಯವನಿಗೆ ತಿಳಿಯುವುದು ಚಲನ್ ಕೈಗೆ ಬಂದಾಗಲೇ.

ಮಾಹಿತಿ ಹಕ್ಕು ಕಾಯ್ದೆ ಇರುವಾಗ ಈ ಗದ್ದಲದ ಮಧ್ಯಸ್ಥಿಕೆ ಏಕೆ ಬೇಕು ಎಂದು ಕೇಳುವವರಿದ್ದಾರೆ. 2005ರ ಆ ಕಾಯ್ದೆ ಬೆಲೆಯುಳ್ಳದ್ದೇ. ಆದರೆ ಅದರಡಿ ಅರ್ಜಿ ಹಾಕಬೇಕಾದರೆ ಯಾವ ಕಡತದಲ್ಲಿ ಏನಿದೆಯೆಂಬ ಒಂದು ಸುಳಿವಾದರೂ ಮೊದಲೇ ಸಿಕ್ಕಿರಬೇಕು. 30 ದಿನ ಕಾಯಬೇಕು, ಉತ್ತರ ಬಾರದಿದ್ದರೆ ಮೇಲ್ಮನವಿಗೆ ಅಲೆಯಬೇಕು. ಅಷ್ಟರಲ್ಲಿ ರಸ್ತೆಗೆ ಡಾಂಬರು ಬಿದ್ದು, ಕಿತ್ತು, ಬಿಲ್ ಪಾವತಿಯೂ ಆಗಿರುತ್ತದೆ. ಮಾಹಿತಿ ಹಕ್ಕು ಆದ ಮೇಲೆ ಕೇಳುವ ಸಾಧನ. ಅಜೆಂಡಾ ಆಗುವ ಮುನ್ನ ಕೇಳಲು ಬಿಡುತ್ತದೆ.

ಪ್ರತಿವಾದಿಗಳ ಕೈಯಲ್ಲಿ ಇನ್ನೂ ಗಟ್ಟಿಯಾದ ಅಸ್ತ್ರಗಳಿವೆ, ಅವನ್ನು ಮರೆಮಾಚುವುದು ಅಪ್ರಾಮಾಣಿಕತೆಯಾದೀತು. ಅಧ್ಯಕ್ಷರ ಆಯ್ಕೆಗೆ ಮುನ್ನ ಸದಸ್ಯರನ್ನು ಬಸ್ಸಿನಲ್ಲಿ ತುಂಬಿಕೊಂಡು ರೆಸಾರ್ಟಿಗೆ ಸಾಗಿಸುವುದು, ಬಂದ ಅನುದಾನವನ್ನು ಅಗತ್ಯ ನೋಡದೆ ವಾರ್ಡಿಗೆ ಇಷ್ಟು ಲಕ್ಷವೆಂದು ಪಾಲು ಹಾಕಿಕೊಳ್ಳುವುದು, ಗುತ್ತಿಗೆದಾರರೊಂದಿಗಿನ ನಂಟು, ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲಾದ ಮೇಲೆ ಸದಸ್ಯೆಯ ಬದಲಿಗೆ ಸದಸ್ಯೆಯ ಗಂಡ ಕಚೇರಿಗೆ ಬಂದು ‘ನಮ್ಮ ವಾರ್ಡು’ ಎಂದು ಆಡಳಿತ ನಡೆಸುವುದು, ಎಲ್ಲವೂ ನಿಜ. ಆದರೆ ಇವೆಲ್ಲ ಊರಿಗೆ ಗೊತ್ತಾಗಿರುವುದು ಕೌನ್ಸಿಲ್ ಬಯಲಿನಲ್ಲಿರುವ ಸಂಸ್ಥೆಯಾದ್ದರಿಂದ ಎಂಬುದನ್ನು ಪ್ರತಿವಾದಿಗಳು ಗಮನಿಸುವುದಿಲ್ಲ. ಕಚೇರಿಯ ಭ್ರಷ್ಟಾಚಾರಕ್ಕೆ ಬಸ್ಸೂ ಬೇಡ, ರೆಸಾರ್ಟೂ ಬೇಡ. ಗಂಡಂದಿರ ದರ್ಬಾರು ಕೂಡ ಮೊದಲ ಅವಧಿಯಲ್ಲಿ ಬಾಯಿಬಿಡದ ಸದಸ್ಯೆ ಎರಡನೆಯ ಅವಧಿಯಲ್ಲಿ ಮೈಕು ಕೇಳುವ ಹಂತಕ್ಕೆ ಬಂದಾಗಲಷ್ಟೇ ಸಡಿಲವಾಗುವಂಥದ್ದು. ಸಭೆಯನ್ನೇ ಮುಚ್ಚಿದರೆ ಆ ಎರಡನೆಯ ಅವಧಿಯೇ ಇರುವುದಿಲ್ಲ.

ಕೌನ್ಸಿಲ್ ಇಲ್ಲದಾಗ ರಾಜಕೀಯ ಇಲ್ಲವಾಗುತ್ತದೆ ಎಂಬುದು ಈ ವಾದದ ಎಲ್ಲಕ್ಕಿಂತ ದುರ್ಬಲ ಎಳೆ. ಶಾಸಕರೂ ಸಂಸದರೂ ಪದನಿಮಿತ್ತ ಸದಸ್ಯರಾಗಿ ಕೌನ್ಸಿಲ್‌ನಲ್ಲಿ ಕೂರುತ್ತಾರೆ. ಅಧ್ಯಕ್ಷರ ಆಯ್ಕೆ ಒಂದೆರಡು ಮತಗಳಿಂದ ತೀರ್ಮಾನವಾಗುವಲ್ಲಿ ಅವರ ಮತವೇ ತಕ್ಕಡಿ ತಿರುಗಿಸುವುದುಂಟು. ಆದರೂ ಅಲ್ಲಿ ಅವರು ಹಲವರಲ್ಲೊಬ್ಬರು, ವಿರೋಧ ಪಕ್ಷದ ಸದಸ್ಯ ಎದುರು ಮಾತಾಡಬಲ್ಲ. ಕೌನ್ಸಿಲ್ ಇಲ್ಲದ ಊರಿನಲ್ಲಿ ಉಳಿಯುವ ಏಕೈಕ ಚುನಾಯಿತ ದನಿ ಶಾಸಕರದು, ಅದು ಮೊಳಗುವ ಜಾಗ ಪ್ರಗತಿ ಪರಿಶೀಲನಾ ಸಭೆ. ಅಲ್ಲಿ ಎದುರಿಗಿರುವವರು ತಮ್ಮ ವರ್ಗಾವಣೆಯ ಬಗ್ಗೆ ಸದಾ ಎಚ್ಚರದಲ್ಲಿರುವ ಅಧಿಕಾರಿಗಳು. ಸ್ಥಳೀಯ ಸಂಸ್ಥೆಗಳ ಚುನಾವಣೆ ಮುಂದೆ ಹೋದಾಗ ಯಾವ ಪಕ್ಷದ ಶಾಸಕರೂ ಬೀದಿಗಿಳಿದು ಹೋರಾಡುವುದು ಕಾಣದಿರುವುದಕ್ಕೆ ಇದಕ್ಕಿಂತ ಬೇರೆ ವಿವರಣೆ ಹುಡುಕಬೇಕಾಗಿಲ್ಲ. ಜೊತೆಗೆ, ಸಂವಿಧಾನ ವಾರ್ಡ್ ಸಮಿತಿಗಳನ್ನು ಕಡ್ಡಾಯಗೊಳಿಸಿರುವುದು 3 ಲಕ್ಷ ಅಥವಾ ಅದಕ್ಕೂ ಹೆಚ್ಚು ಜನರಿರುವ ನಗರಗಳಿಗೆ. ಸಣ್ಣ ನಗರದವನಿಗೆ ಆ ಆಸರೆಯ ಖಾತ್ರಿಯೂ ಇಲ್ಲ. ಆತನ ಪಾಲಿಗೆ ಇರುವುದು ಬೆಳಗಿನ ಆರು ಗಂಟೆಗೆ ಬಾಗಿಲು ಬಡಿದು ‘ಏನಣ್ಣ, ನಾಲ್ಕು ದಿನದಿಂದ ನಲ್ಲಿಯಲ್ಲಿ ನೀರಿಲ್ಲ’ ಎಂದು ಕೇಳಬಹುದಾದ ಒಬ್ಬ ಸದಸ್ಯ.

ಸುದ್ದಿಯ ಕ್ಷುಲ್ಲಕತೆಯ ಮಾತಿಗೆ ಬರುವುದಾದರೆ, ಕನ್ನಡ ಪತ್ರಿಕೋದ್ಯಮದ ಹುಟ್ಟೇ ಅದನ್ನು ಸುಳ್ಳಾಗಿಸುತ್ತದೆ. 1843ರ ಜುಲೈ 1ರಂದು ಹೆರ್ಮನ್ ಮೋಗ್ಲಿಂಗ್ ಹೊರತಂದ, ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ ಹೊತ್ತದ್ದು ಊರಿನ ಹೆಸರನ್ನು, ಮತ್ತು ಅದು ತನ್ನ ಸುದ್ದಿಗಳಲ್ಲಿ ಊರ ವರ್ತಮಾನಕ್ಕೆ ಪ್ರತ್ಯೇಕ ಜಾಗ ಕೊಟ್ಟಿತ್ತು. ಮೈಸೂರಿನ ‘ಆಂದೋಲನ’, ದಾವಣಗೆರೆಯ ‘ಜನತಾವಾಣಿ’ಯಂಥ ಪತ್ರಿಕೆಗಳು ರಾಜ್ಯಮಟ್ಟದ ದೈನಿಕಗಳ ಪೈಪೋಟಿಯ ನಡುವೆ ದಶಕಗಳ ಕಾಲ ಬಾಳಿರುವುದು ಓದುಗನಿಗೆ ತನ್ನೂರಿನ ಸಂಗತಿ ಬೇಕಿರುವುದರಿಂದಲೇ. ಸಮುದಾಯದ ಆಗುಹೋಗುಗಳೆಂದು ಪ್ರತ್ಯೇಕಿಸಿ ಮೂಲೆಗೆ ತಳ್ಳುವ ಜಾತ್ರೆ, ಸಂತೆ, ಉರುಸು, ಗಣೇಶೋತ್ಸವಗಳ ಸುದ್ದಿಯೂ ಆಡಳಿತದ ಸುದ್ದಿಯೇ. ಎರಡು ವರ್ಷಕ್ಕೊಮ್ಮೆ ಬರುವ ಶಿರಸಿಯ ಮಾರಿಕಾಂಬಾ ಜಾತ್ರೆಯಲ್ಲಿ ದೇವಿ ಬಿಡ್ಕಿಬೈಲಿನ ಗದ್ದುಗೆಯಲ್ಲಿ ಕುಳಿತ ಅಷ್ಟೂ ದಿನ, ಊರಿನ ಜನಸಂಖ್ಯೆಯ ಅನೇಕ ಪಟ್ಟು ಭಕ್ತರು ಬಂದುಹೋಗುವಾಗ, ಕುಡಿಯುವ ನೀರು, ತಾತ್ಕಾಲಿಕ ಶೌಚಾಲಯ, ರಾತ್ರಿಯ ಬೆಳಕು, ಬೆಳಗಾಗುವಷ್ಟರಲ್ಲಿ ಎತ್ತಬೇಕಾದ ಕಸ, ಇವೆಲ್ಲ ನಗರಸಭೆಯ ತಲೆಯ ಮೇಲಿನ ಹೊರೆ. ಬೀದಿ ಗುಡಿಸುವವರ ಸಂಖ್ಯೆಯನ್ನು 700 ಜನರಿಗೆ ಒಬ್ಬ ಪೌರಕಾರ್ಮಿಕ ಎಂಬ ಲೆಕ್ಕದಲ್ಲಿ ಎಣಿಸುವ ವ್ಯವಸ್ಥೆಯಲ್ಲಿ ಜಾತ್ರೆಯ ಜನ ಲೆಕ್ಕಕ್ಕೇ ಬರುವುದಿಲ್ಲ. ದೇವಿ ಗದ್ದುಗೆಯಿಂದ ಎದ್ದ ಮರುದಿನ ಬೀದಿಯಲ್ಲಿ ಉಳಿಯುವುದನ್ನು ಎತ್ತುವವರು ಅದೇ ಎಣಿಸಿದ ಕೆಲವರು. ಭಕ್ತಿಯ ವರದಿ ಪುಟ ತುಂಬ ಬರುತ್ತದೆ, ಈ ಲೆಕ್ಕ ಬರುವುದಿಲ್ಲ.

ಇಲ್ಲಿ ಪತ್ರಿಕೆಗಳ ಮೇಲೂ ಒಂದು ಮಾತು ಹೇಳದೆ ವಿಧಿಯಿಲ್ಲ, ಅವು ಈ ಅಭಿಪ್ರಾಯದ ಬಲಿಪಶುಗಳಷ್ಟೇ ಅಲ್ಲ, ಪೋಷಕರೂ ಹೌದು. ತೋಳೇರಿಸಿದ ಸದಸ್ಯನ ಚಿತ್ರ ಮೂರು ಕಾಲಂ ತಿನ್ನುತ್ತದೆ, ಆತ ತೋಳೇರಿಸಿದ್ದು ಅಜೆಂಡಾದ ಎಷ್ಟನೆಯ ವಿಷಯಕ್ಕೆ ಎಂಬುದು ವರದಿಯ ಕೊನೆಯ ಸಾಲಿನಲ್ಲೂ ಸಿಗುವುದಿಲ್ಲ. ಜಾಗ ಸಾಲದೆಂದು ಮೊದಲು ಕತ್ತರಿ ಬೀಳುವುದು ಅಂಕಿಗಳಿಗೆ. ಹೀಗೆ ಕಾರಣವಿಲ್ಲದ ಜಗಳವನ್ನೇ ವರ್ಷಗಟ್ಟಲೆ ಓದಿದವನು ಜಗಳಕ್ಕೆ ಕಾರಣವೇ ಇಲ್ಲವೆಂದು ತೀರ್ಮಾನಿಸಿದರೆ ತಪ್ಪು ಅವನೊಬ್ಬನದಲ್ಲ.

ಚುನಾವಣೆ ತಡವಾಗುವುದು ಮೀಸಲಾತಿ, ವಾರ್ಡ್ ಪುನರ್ವಿಂಗಡಣೆಗಳ ಕಾನೂನು ತೊಡಕಿನಿಂದ, ಅದಕ್ಕೆ ಯಾರೂ ಹೊಣೆಯಲ್ಲ ಎಂಬ ಸಮಾಧಾನವೂ ನಿಲ್ಲುವಂಥದ್ದಲ್ಲ. ಹಿಂದಿನ ಅವಧಿ ಮುಗಿಯುವ ಮೊದಲೇ ಚುನಾವಣೆ ಮುಗಿದಿರಬೇಕೆಂದು ಸಂವಿಧಾನದ 243-ಯು ವಿಧಿ ಹೇಳುತ್ತದೆ. ಅಹಮದಾಬಾದ್ ಪಾಲಿಕೆಗೆ ಸಂಬಂಧಿಸಿದ 2006ರ ಕಿಶನ್‌ಸಿಂಗ್ ತೋಮರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಒತ್ತಿ ಹೇಳಿತು. ಮಧ್ಯಪ್ರದೇಶದ 2022ರ ಪ್ರಕರಣದಲ್ಲಿ ಹಿಂದುಳಿದ ವರ್ಗಗಳ ಮೀಸಲಾತಿಯ ತಯಾರಿಯೂ ವಾರ್ಡ್ ವಿಂಗಡಣೆಯೂ ವಿಳಂಬಕ್ಕೆ ನೆಪವಾಗಬಾರದೆಂದಿತು. ಐದು ವರ್ಷ ಮೊದಲೇ ಗೊತ್ತಿರುವ ದಿನಾಂಕಕ್ಕೆ ಪಟ್ಟಿ ಸಿದ್ಧವಾಗದಿದ್ದರೆ ಅದನ್ನು ತೊಡಕೆನ್ನಲು ತುಸು ಹೆಚ್ಚೇ ಉದಾರತೆ ಬೇಕು.

ಕೌನ್ಸಿಲ್ ಇಲ್ಲದ ಊರಿನಲ್ಲಿ ಪ್ರತಿ ವರ್ಷ ಆರ್ಥಿಕ ವರ್ಷಾಂತ್ಯ ಸಮೀಪಿಸಿದಾಗ ನಡೆಯುವ ಒಂದು ವಿಧಿಯನ್ನು ಈ ಹೊತ್ತಿನಲ್ಲಿ ಗಮನಿಸಬೇಕು. ಪೌರಾಯುಕ್ತರ ಸಿಬ್ಬಂದಿ ಸಿದ್ಧಪಡಿಸಿದ ಬಜೆಟ್ ಆಡಳಿತಾಧಿಕಾರಿಯ ಮುಂದೆ ಬರುತ್ತದೆ, ಮಂಡಿಸುವವರೂ ಅಧಿಕಾರಿಗಳು, ಅಂಗೀಕರಿಸುವವರೂ ಅಧಿಕಾರಿಗಳು. ಸದಸ್ಯರಿಗೆಂದು ಹಾಕಿದ್ದ ಮೇಜುಗಳ ಹಿಂದೆ ಶಾಖಾ ಸಿಬ್ಬಂದಿ ಕೂತಿರುತ್ತಾರೆ. ಕಳೆದ ಸಲ ಘೋಷಿಸಿದ ಉದ್ಯಾನ ಎಲ್ಲಿ ಎಂದು ಯಾರೂ ಕೇಳುವುದಿಲ್ಲ. ಚಹಾ ಬರುವಷ್ಟರಲ್ಲಿ ಸಭೆ ಮುಗಿಯುತ್ತದೆ, ಮರುದಿನದ ಜಿಲ್ಲಾ ಪುಟದಲ್ಲಿ ‘ನಗರಸಭೆಯಿಂದ ಉಳಿತಾಯ ಬಜೆಟ್’ ಎಂಬ ಎರಡು ಕಾಲಂ ಸುದ್ದಿ ಪ್ರಕಟವಾಗುತ್ತದೆ, ಅದರ ಪಕ್ಕದಲ್ಲಿ ನೀರು ಪೂರೈಕೆ ವ್ಯತ್ಯಯದ ಪ್ರಕಟಣೆ ಇರುತ್ತದೆ.